ಗುರುವಾರ ರಾತ್ರಿಯ ಕೈ

ಸೊಹಾರ್‌ನ ಈ ಕ್ಲಿನಿಕ್ಕಿನಲ್ಲಿ ನನ್ನ ಮೇಜಿನ ಮೇಲೆ
ದಿನಕ್ಕೆ ಇಪ್ಪತ್ತೆರಡು ಕೈ.
ಹೆಸರು ಆಮೇಲೆ. ಮೊದಲು ಕೈ.

ಇದು ಹಗ್ಗಕ್ಕೆ ಹಾಕಿದ ಒದ್ದೆ ಟವೆಲ್ಲಿನ ಹಾಗೆ
ಮಣಿಕಟ್ಟಿನಿಂದ ಜೋತುಬಿದ್ದ ಬಲಗೈ.
ಎತ್ತಿ, ಎಂದೆ.
ತೋಳು ಎದ್ದಿತು, ಮೊಣಕೈ ನೆಟ್ಟಗಾಯಿತು,
ಮಣಿಕಟ್ಟು ಏಳಲಿಲ್ಲ.
"ಕೈ ನಂದ ಐತ್ರೀ ಮೇಡಮ್ಮಾರ, ಖರೆ
ಮಾತ ಕೇಳವಲ್ದು."
ಬಂದಗಿಸಾಬ. ಸಿಂದಗಿಯವ. ಬಂದರಿನ ಸೈಟಿನಲ್ಲಿ ಕಂಬಿ ಕಟ್ಟುವವ.
ಅವನ ಕನ್ನಡಕ್ಕೆ ನಾನು, ನನ್ನ ಕುಂದಾಪ್ರ ಬಾಯಿಗೆ ಅವನು
ಒಂದು ಗಳಿಗೆ ನಕ್ಕೆವು.

ಪುಸ್ತಕದಲ್ಲಿ ಇದಕ್ಕೆ ಶನಿವಾರ ರಾತ್ರಿಯ ಲಕ್ವ ಎಂದು ಹೆಸರು:
ಕುಡಿದು, ಕುರ್ಚಿಯ ಬೆನ್ನಿಗೆ ತೋಳು ನೇತುಹಾಕಿ
ಬೆಳಗಿನವರೆಗೆ ಬಿದ್ದವನ ಕೈ.
ಕೇಳಲೇಬೇಕಾದ ಪ್ರಶ್ನೆ, ಕೇಳಿದೆ.
ನಾಲಿಗೆ ಕಚ್ಚಿ, ಎಡಗೈಯಲ್ಲಿ ಕೆನ್ನೆ ತಟ್ಟಿಕೊಂಡ.
"ತೋಬಾ, ತೋಬಾ."

ಗುರುವಾರ. ಎರಡು ಪಾಳಿ ಒಟ್ಟಿಗೆ. ಮರುದಿನ ಜುಮ್ಮಾ, ರಜೆ.
ಕ್ಯಾಂಪಿನ ಒಳಗೆ ಏಸಿ ಕೆಟ್ಟು, ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ.
ಫೋನಿನಲ್ಲಿ ಮಗಳು ಹದಿಮೂರರ ಮಗ್ಗಿ ಒಪ್ಪಿಸುತ್ತಿದ್ದಳು.
ಹದಿಮೂರೇಳ್ಲ ತೊಂಬತ್ತೊಂದರವರೆಗೆ ನೆನಪಿದೆಯಂತೆ.
ಕಾರ್ಡಿನಲ್ಲಿ ಶನಿವಾರ ಹೊಡೆದು ಗುರುವಾರ ಎಂದು ಬರೆದೆ.
ದೊಡ್ಡ ಡಾಕ್ಟರರು ಕೇಳಿದರೆ ಕೇಳಲಿ.

ಕೊರಳಿನಿಂದ ಐದು ಬೇರು ಹೊರಟು, ಸೇರಿ, ಕವಲೊಡೆದು, ಮತ್ತೆ ಸೇರಿ,
ಕಂಕುಳು ದಾಟುವ ಹೊತ್ತಿಗೆ ನರಗಳಿಗೆ ಒಂದೊಂದು ಹೆಸರು.
ಕಾಲೇಜಿನಲ್ಲಿ ಆ ಚಿತ್ರ ಎಷ್ಟು ಸಲ ಬಿಡಿಸಿದರೂ ಒಂದು ಗೆರೆ ತಪ್ಪುತ್ತಿತ್ತು.
ಬೆಳಿಗ್ಗೆ ಬಂದ ಟೈಲರ್ ಫಿಲೋಮಿನಾಳದು ಮೀಡಿಯನ್,
ಮಣಿಕಟ್ಟಿನ ಸುರಂಗದಲ್ಲಿ ಸಿಕ್ಕಿ ಹೆಬ್ಬೆರಳ ಬುಡ ಸೊರಗಿದೆ.
ಟ್ರೈಲರ್ ಓಡಿಸುವ ಗುಲ್‌ಜಮಾನನದು ಅಲ್ನರ್,
ಕಿಟಕಿಗೆ ಮೊಣಕೈ ಊರಿ ಊರಿ ಕಿರುಬೆರಳು ಕೊಕ್ಕೆ.
ಇವನದು ರೇಡಿಯಲ್:
ತೋಳಿನ ಮೂಳೆಯನ್ನು ಹಿಂದಿನಿಂದ ಬಳಸಿ
ಒಂದು ಓರೆ ಕಾಲುವೆಯಲ್ಲಿ
ಹಾಸಿಗೆಯಿಲ್ಲದೆ ಮಲಗುವ ನರ.

ನೀವೂ ನೋಡಿ. ಮಣಿಕಟ್ಟನ್ನು ಪೂರ್ತಿ ಕೆಳಗೆ ಬಾಗಿಸಿ
ಮುಷ್ಟಿ ಬಿಗಿಯಿರಿ.
ಬಿಗಿಯುವುದಿಲ್ಲ.
ಹಿಡಿಯುವ ಸ್ನಾಯುಗಳೆಲ್ಲ ಇವನಿಗೆ ಸರಿಯಾಗಿವೆ, ಆದರೂ ಇಕ್ಕಳ ಜಾರುತ್ತದೆ.
ಹಿಡಿತ ಅಂಗೈಯದೆಂದು ತಿಳಿದಿದ್ದೆವು,
ಅದು ನಿಂತಿರುವುದು ಹಿಂಗೈಯ ಮೇಲೆ.

"ಎಷ್ಟ ದಿನ ಬೇಕ್ರೀ?"
ನರ ಬರೀ ಅದುಮಿದ್ದರೆ ಆರೇಳು ವಾರ.
ಒಳಗಿನ ಎಳೆ ಸತ್ತಿದ್ದರೆ ಹೊಸದು ಚಿಗುರಬೇಕು,
ದಿನಕ್ಕೆ ಒಂದು ಮಿಲಿಮೀಟರ್ ನಡೆಯಬೇಕು.
ಕಾಲುವೆಯಿಂದ ಮಣಿಕಟ್ಟೆತ್ತುವ ಸ್ನಾಯುವಿಗೆ ಟೇಪು ಹಿಡಿದೆ:
ಹದಿಮೂರು ಸೆಂಟಿಮೀಟರ್.
ಅವನ ತುಟಿ ಅಲುಗಿತು. ಲೆಕ್ಕ ನನಗಿಂತ ಮೊದಲೇ ಮುಗಿಸಿದ.
"ವೀಸಾ ತೊಂಬತ್ತೊಂದ ದಿನ ಐತ್ರೀ."

ಹೊರಗೆ ಪಿಕಪ್ಪಿನಲ್ಲಿ ಫೋರ್‌ಮನ್ ಹಾರ್ನ್ ಹೊಡೆಯುತ್ತಿದ್ದ.
ಫಾರ್ಮಿನಲ್ಲಿ ಎರಡೇ ಚೌಕ: ಯೋಗ್ಯ, ಅಯೋಗ್ಯ.
ಒಂದಕ್ಕೆ ಗುರುತು ಹಾಕಿದರೆ ನಾಳೆ ಆರನೇ ಅಂತಸ್ತು,
ಇನ್ನೊಂದಕ್ಕೆ ಟಿಕೆಟ್.
ಪಕ್ಕದಲ್ಲಿ ಹಗುರ ಕೆಲಸ, ಎಂಟು ವಾರ ಎಂದು ಗೀಚಿದೆ,
ಅದನ್ನು ಯಾರೂ ಓದುವುದಿಲ್ಲವೆಂದು ಗೊತ್ತಿದ್ದೂ.

ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು
ಅವನ ಮುಂದೋಳಿಗೆ ಒತ್ತಿ ಹಿಡಿದೆ, ಆರುವವರೆಗೆ.
ಪಟ್ಟಿ ಬಿಗಿದೆ.
ಹೋಗುವಾಗ ಸಲಾಮಿಗೆ ಎತ್ತಿದ ಕೈ
ನಿಲ್ಲು ಎಂದ ಹಾಗೆ ಕಂಡಿತು.

ರಾತ್ರಿ ಹಾಸ್ಟೆಲ್ಲಿನಲ್ಲಿ ಎಚ್ಚರವಾಯಿತು.
ತಲೆಯ ಕೆಳಗೆ ನನ್ನದೇ ತೋಳು, ಯಾರದೋ ಎಂಬಷ್ಟು ಭಾರ.
ಇನ್ನೊಂದು ಕೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ.
ಜೋಮು ಇಳಿಯಿತು, ಇರುವೆ ಇರುವೆಯಾಗಿ.
ಎರಡು ನಿಮಿಷ, ಅಷ್ಟೆ.
ಮಣಿಕಟ್ಟು ಎತ್ತಿದೆ. ಎದ್ದಿತು.
ಕತ್ತಲಲ್ಲೇ ಮತ್ತೊಮ್ಮೆ ಎತ್ತಿದೆ.